ಎಸಿಎಲ್ ಆಪರೇಷನ್ ಆಗಿ ಹತ್ತಿಪ್ಪತ್ತು ವರ್ಷದ ನಂತರ ಮೊಣಕಾಲು ಹೇಗಿರುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಎಸಿಎಲ್ ಎಂದರೆ ಮೊಣಕಾಲಿನೊಳಗೆ ತೊಡೆ ಎಲುಬನ್ನೂ ಕೆಳಗಿನ ನಳಿಗೆ ಎಲುಬನ್ನೂ ಹಿಡಿದಿಡುವ ಲಿಗಮೆಂಟ್, ಅಂದರೆ ಗಟ್ಟಿ ಪಟ್ಟಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಅದನ್ನು ಹರಿದುಕೊಂಡು ಬರುವವರಲ್ಲಿ ಕಬಡ್ಡಿ, ಕುಸ್ತಿ ಆಡುವ ಹುಡುಗರ ಜೊತೆಗೆ ಬೈಕಿನಿಂದ ಬಿದ್ದವರೂ ಮಳೆಗಾಲದಲ್ಲಿ ಎರಿ ಹೊಲದ ಬದುವಿನ ಮೇಲೆ ಜಾರಿದವರೂ ಇರುತ್ತಾರೆ. ಆಪರೇಷನ್ ಹೇಗೆ ಮಾಡುತ್ತಾರೆ ಎನ್ನುವುದನ್ನು ಆಸ್ಪತ್ರೆಯಲ್ಲಿ ಹೇಳಿಯೇ ಹೇಳುತ್ತಾರೆ. ಆಮೇಲಿನ ವರ್ಷಗಳ ಮಾತು ಮಾತ್ರ ಅಲ್ಲಿ ಅಷ್ಟಾಗಿ ಬರುವುದಿಲ್ಲ. ಇಲ್ಲಿ ಹೆಚ್ಚಾಗಿ ಅದನ್ನೇ ಬರೆದಿದೆ.

ಹರದದ್ದನ್ನ ಹೊಲದ್ರ ಆಗಂಗಿಲ್ಲೇನ್ರಿ? ಹೊಸಾದು ಯಾಕ ಹಾಕತಾರ?

ಎಸಿಎಲ್ ಇರುವುದು ಕೀಲಿನ ಒಳಗೆ. ಹರಿದ ಎರಡು ತುದಿಗಳ ನಡುವೆ ರಕ್ತ ಹೆಪ್ಪುಗಟ್ಟಿ ನಿಂತರೆ ತಾನೇ ಗಾಯ ಕೂಡಿಕೊಳ್ಳುವುದು? ಕೀಲಿನೊಳಗಿನ ದ್ರವ ಆ ಹೆಪ್ಪನ್ನು ನಿಲ್ಲಗೊಡುವುದಿಲ್ಲ. 1970ರ ದಶಕದಲ್ಲಿ ಬರೀ ಹೊಲಿಗೆ ಹಾಕಿ ನೋಡಿದ್ದರು. ಕೆಲವೇ ವರ್ಷಗಳಲ್ಲಿ ಬಹಳಷ್ಟು ಮೊಣಕಾಲುಗಳು ಮತ್ತೆ ಸಡಿಲಾದವು. ಇವತ್ತೂ ಹೊಲಿಗೆ ಹಾಕುವುದುಂಟು, ಆದರೆ ಲಿಗಮೆಂಟ್ ತೊಡೆ ಎಲುಬಿನ ಬುಡದಲ್ಲೇ ಕಿತ್ತು ಬಂದಿದ್ದು, ಪೆಟ್ಟು ಹೊಸದಾಗಿದ್ದರೆ ಮಾತ್ರ.

ಉಳಿದವರಿಗೆ ದುರ್ಬೀನು ಹಾಕಿ ಮಾಡುವ ಆಪರೇಷನ್ನಿನಲ್ಲಿ ಅವರದೇ ಮೈಯಿಂದ ತೆಗೆದ ಸ್ನಾಯುರಜ್ಜುವನ್ನು (ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿಯನ್ನು) ಲಿಗಮೆಂಟಿನ ಜಾಗದಲ್ಲಿ ಕೂರಿಸುತ್ತಾರೆ. ಇದಕ್ಕೆ ಗ್ರಾಫ್ಟ್ ಎನ್ನುತ್ತಾರೆ. ಹಿಂದೊಡೆಯ ಹ್ಯಾಮ್‌ಸ್ಟ್ರಿಂಗ್ ರಜ್ಜುವನ್ನು ಮಡಚಿ ದಪ್ಪ ಮಾಡುವುದು ನಮ್ಮಲ್ಲಿ ಹೆಚ್ಚು ರೂಢಿ. ಮಡಚಿದ ಮೇಲೆ ಕನಿಷ್ಠ 8 ಮಿಲಿಮೀಟರ್ ದಪ್ಪ ಬರಬೇಕು. ಅದಕ್ಕಿಂತ ತೆಳುವಾದರೆ, ಅದರಲ್ಲೂ ಹರೆಯದ ಆಟಗಾರರಲ್ಲಿ, ಮತ್ತೆ ಹರಿಯುವ ಸಂಭವ ಹೆಚ್ಚು. ತೊಡೆ ಎಲುಬು ಮತ್ತು ಕೆಳಗಿನ ನಳಿಗೆ ಎಲುಬಿನಲ್ಲಿ ರಂಧ್ರ ಕೊರೆದು, ಗ್ರಾಫ್ಟನ್ನು ಒಳಗೆ ಎಳೆದು, ಮೇಲ್ತುದಿಯನ್ನು ಪುಟ್ಟ ಲೋಹದ ಬಟನ್‌ನಿಂದಲೂ ಕೆಳತುದಿಯನ್ನು ಸ್ಕ್ರೂನಿಂದಲೂ ಬಿಗಿಯುವುದು ಸಾಮಾನ್ಯ ಪದ್ಧತಿ.

ಆಪರೇಷನ್ ಮಾಡಸ್ಲಿಲ್ಲಂದ್ರ ನಡಿಯಂಗಿಲ್ಲೇನ್ರಿ?

ಎಷ್ಟೋ ಜನರಿಗೆ ನಡೆಯುತ್ತದೆ. ಸ್ವೀಡನ್ನಿನಲ್ಲಿ 121 ಯುವಕ-ಯುವತಿಯರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧ ಜನಕ್ಕೆ ಬೇಗ ಆಪರೇಷನ್ ಮಾಡಿದರು. ಇನ್ನರ್ಧ ಜನಕ್ಕೆ ಮೊದಲು ವ್ಯಾಯಾಮ ಚಿಕಿತ್ಸೆ ಕೊಟ್ಟು, ಬೇಕೆನಿಸಿದರೆ ಆಮೇಲೆ ಆಪರೇಷನ್ ಎಂದು ಬಿಟ್ಟರು. ಐದು ವರ್ಷದ ಕೊನೆಗೆ ಎರಡನೇ ಗುಂಪಿನ ಸುಮಾರು ಅರ್ಧ ಜನ ಆಪರೇಷನ್ ಮಾಡಿಸಿಕೊಂಡಿದ್ದರು, ಉಳಿದವರು ಇಲ್ಲದೆಯೇ ನಿಭಾಯಿಸಿದ್ದರು. ನೋವು, ಓಡಾಟ, ಆಟ ಇವುಗಳ ಅಂಕದಲ್ಲಿ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಆದರೆ ಇದನ್ನು ಓದಿ ಎಲ್ಲರೂ ಸುಮ್ಮನಿದ್ದುಬಿಡುವ ಹಾಗಿಲ್ಲ. ಅದು ಹೊಸ ಪೆಟ್ಟಿನವರ ಲೆಕ್ಕ. ಪೆಟ್ಟಾಗಿ ತಿಂಗಳುಗಳು ಕಳೆದರೂ ಮೊಣಕಾಲು ಜಾರುತ್ತಲೇ ಇದ್ದ 316 ಜನರ ಮೇಲೆ ಬ್ರಿಟನ್ನಿನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹದಿನೆಂಟು ತಿಂಗಳ ಹೊತ್ತಿಗೆ ಆಪರೇಷನ್ ಮಾಡಿಸಿಕೊಂಡ ಗುಂಪೇ ಮುಂದಿತ್ತು.

ನಮ್ಮ ಅಭಿಪ್ರಾಯ ಇಷ್ಟು. ಅಂಗಡಿ, ಆಫೀಸು, ಸಮತಟ್ಟು ನೆಲದ ಕೆಲಸವಿರುವ ನಲವತ್ತೈದು ವರ್ಷದವರು ಮೊದಲು ಮೂರು ತಿಂಗಳು ಕಟ್ಟುನಿಟ್ಟಾಗಿ ವ್ಯಾಯಾಮ ಮಾಡಿ ನೋಡಲಿ. ಕಬಡ್ಡಿ, ಕುಸ್ತಿ, ಫುಟ್‌ಬಾಲ್ ಬಿಡದವರು, ಬದು ಹಾರುವ, ಹೊರೆ ಹೊತ್ತು ತಿರುಗುವ ಕೆಲಸದವರು, ನಡೆಯುವಾಗಲೇ ಕಾಲು ಸಟಕ್ಕನೆ ಜಾರುವವರು ಮಾಡಿಸಿಕೊಳ್ಳುವುದು ಮೇಲು. ಎಂ.ಆರ್.ಐ. ವರದಿಯಲ್ಲಿ ‘ಪೂರ್ತಿ ಹರಿದಿದೆ’ ಎಂದಿದ್ದ ಮಾತ್ರಕ್ಕೆ ಆಪರೇಷನ್ ಆಗಲೇಬೇಕು ಎಂದೇನಿಲ್ಲ.

ಕಬ್ಬಿನ ಸೀಜನ್ ಮುಗದ ಮ್ಯಾಲ ಮಾಡಸ್ಕೊಂಡ್ರ?

ತಡವಾದಷ್ಟೂ ಹಾಳಾಗುವುದು ಪಕ್ಕದಲ್ಲಿರುವ ಮೆನಿಸ್ಕಸ್, ಅಂದರೆ ಎರಡು ಎಲುಬುಗಳ ನಡುವಿನ ಗಾದಿ. ಕಾಲು ಒಂದೊಂದು ಸಲ ಜಾರಿದಾಗಲೂ ಅದು ಎಲುಬಿನ ನಡುವೆ ಸಿಕ್ಕಿ ಇನ್ನಷ್ಟು ಸೀಳುತ್ತದೆ. ಆರು ತಿಂಗಳ ಹಿಂದೆ ಹೊಲಿದು ಉಳಿಸಬಹುದಾಗಿದ್ದ ಗಾದಿಯನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ. ಮುಂದಿನ ಇಪ್ಪತ್ತು ವರ್ಷದ ನೋವಿಗೆ ಇದೇ ದೊಡ್ಡ ಕಾರಣ.

ಕಾಲು ಜಾರುತ್ತಿಲ್ಲ, ಕಟಾವಿಗೆ ನೀವೇ ಇಳಿಯುವುದಿಲ್ಲ ಎಂದಾದರೆ ಒಂದೆರಡು ತಿಂಗಳು ಕಾಯಬಹುದು. ಆ ಸಮಯ ವ್ಯರ್ಥವೂ ಅಲ್ಲ. ಬಾವು ಇಳಿಸಿ, ಮೊಣಕಾಲು ಪೂರ್ತಿ ನೆಟ್ಟಗಾಗುವಂತೆ ಮಾಡಿಕೊಂಡು, ಮುಂದೊಡೆಗೆ ಬಲ ತುಂಬಿಕೊಂಡು ಟೇಬಲ್ ಹತ್ತಿದವರು ಬೇಗ ಚೇತರಿಸಿಕೊಳ್ಳುತ್ತಾರೆ. ಬಾವು ತುಂಬಿ ಮಡಚಿಕೊಂಡ ಕಾಲಿಗೇ ಅವಸರದಲ್ಲಿ ಆಪರೇಷನ್ ಮಾಡಿಸಿದರೆ ಕಾಲು ಬಿರುಸಾಗಿ ಉಳಿಯುವ ಅಪಾಯ ಹೆಚ್ಚು.

ಒಂದು ಸ್ಥಿತಿಯಲ್ಲಿ ಮಾತ್ರ ಕಾಯಬಾರದು. ಮೊಣಕಾಲು ಅರ್ಧ ಮಡಚಿದಲ್ಲೇ ಲಾಕ್ ಆಗಿ ನೆಟ್ಟಗಾಗುತ್ತಿಲ್ಲ ಎಂದರೆ, ಸೀಳಿದ ಮೆನಿಸ್ಕಸ್ ಮಗುಚಿ ಮಧ್ಯಕ್ಕೆ ಬಂದು ಕುಳಿತಿರಬಹುದು. ಇದು ದಿನಗಳ ಲೆಕ್ಕದ ಕೆಲಸ.

ಹಾಗೆಯೇ, ಪೆಟ್ಟಾದ ದಿನವೇ ಎಲುಬು ಕಟ್ಟುವವರ ಹತ್ತಿರ ಹೋಗಿ ಬಿಸಿ ಎಣ್ಣೆ ಹಾಕಿ ತಿಕ್ಕಿಸಿ, ಬಿದಿರ ದಬ್ಬೆ ಕಟ್ಟಿಸಿ ತಿಂಗಳುಗಟ್ಟಲೆ ಮಡಚದೆ ಇಡುವುದುಂಟು. ಹೊಸ ಪೆಟ್ಟಿಗೆ ತಿಕ್ಕಿದರೆ ರಕ್ತಸ್ರಾವ ಹೆಚ್ಚುತ್ತದೆ, ಕಟ್ಟಿ ಇಟ್ಟರೆ ತೊಡೆ ಬತ್ತುತ್ತದೆ. ಬಿದ್ದಾಗ ‘ಟಪ್’ ಎಂದು ಸದ್ದು ಕೇಳಿ, ಕೆಲವೇ ತಾಸಿನಲ್ಲಿ ಮೊಣಕಾಲು ಊದಿಕೊಂಡರೆ ಎಸಿಎಲ್ ಹರಿದಿರುವ ಗುಮಾನಿ ಬಲವಾಗಿಯೇ ಇರಬೇಕು.

ಹಾಕಿದ್ದು ಎಷ್ಟ ವರ್ಷ ಬಾಳಿಕಿ ಬರತೈತಿ?

ವಯಸ್ಸಿನ ಮೇಲಿದೆ. ಹ್ಯಾಮ್‌ಸ್ಟ್ರಿಂಗ್ ಗ್ರಾಫ್ಟ್ ಹಾಕಿಸಿಕೊಂಡವರನ್ನು ಇಪ್ಪತ್ತು ವರ್ಷ ಹಿಂಬಾಲಿಸಿದ ಆಸ್ಟ್ರೇಲಿಯಾದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ವಯಸ್ಕರಲ್ಲಿ ಶೇ 86 ಗ್ರಾಫ್ಟ್‌ಗಳು ಇಪ್ಪತ್ತು ವರ್ಷಕ್ಕೂ ಹರಿಯದೆ ಉಳಿದಿದ್ದವು. ಹದಿಹರೆಯದಲ್ಲಿ ಆಪರೇಷನ್ ಆದವರಲ್ಲಿ ಉಳಿದದ್ದು ಶೇ 61 ಮಾತ್ರ. ನಳಿಗೆ ಎಲುಬಿನ ಮೇಲ್ಮುಖ ಹಿಂದಕ್ಕೆ 12 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಇಳಿಜಾರಾಗಿದ್ದ ಹದಿಹರೆಯದವರಲ್ಲಂತೂ ಶೇ 22ಕ್ಕೆ ಇಳಿದಿತ್ತು. ಈ ಇಳಿಜಾರು ಹುಟ್ಟಿನಿಂದ ಬಂದದ್ದು, ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಅಳೆಯಬಹುದು. ಹದಿನಾರರ ಹುಡುಗನಿಗೆ ಆಪರೇಷನ್ ಮಾಡಿಸುವ ಮನೆಯವರು ಆ ಅಳತೆ ಎಷ್ಟಿದೆ ಎಂದು ಡಾಕ್ಟರನ್ನು ಕೇಳುವುದರಲ್ಲಿ ತಪ್ಪಿಲ್ಲ.

ಇನ್ನೊಂದು ಕಾಲಿನ ಗತಿಯನ್ನೂ ಜನ ಕೇಳುವುದಿಲ್ಲ. ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಸುಮಾರು ಶೇ 15 ಮಂದಿಗೆ ಎರಡನೇ ಸಲ ಎಸಿಎಲ್ ಹರಿದಿತ್ತು. ಅದರಲ್ಲಿ ಶೇ 7 ಆಪರೇಷನ್ ಆದ ಕಾಲು, ಶೇ 8 ಚೆನ್ನಾಗಿದ್ದ ಕಾಲು. ಇಪ್ಪತ್ತೈದರೊಳಗಿನವರು ಮತ್ತೆ ಆಟಕ್ಕಿಳಿದರೆ ಈ ಪ್ರಮಾಣ ಶೇ 23ಕ್ಕೆ ಏರುತ್ತದೆ. ಆದ್ದರಿಂದ ವ್ಯಾಯಾಮ ಎರಡೂ ಕಾಲಿಗೆ.

ಇಂಥ ಹರೆಯದವರಿಗೆ, ಮೈಕೀಲು ಅತಿಯಾಗಿ ಸಡಿಲ ಇರುವವರಿಗೆ, ಗ್ರಾಫ್ಟ್ ಜೊತೆಗೆ ಮೊಣಕಾಲ ಹೊರಬದಿಯಲ್ಲಿ ತೊಡೆಯ ಪಟ್ಟಿಯ ಒಂದು ಎಳೆಯನ್ನು ಬಿಗಿದು ಕಟ್ಟುವುದುಂಟು. 25ರೊಳಗಿನವರ ಮೇಲೆ ನಡೆದ ಅಧ್ಯಯನದಲ್ಲಿ ಎರಡು ವರ್ಷಕ್ಕೆ ಬರೀ ಹ್ಯಾಮ್‌ಸ್ಟ್ರಿಂಗ್ ಹಾಕಿದವರಲ್ಲಿ ಶೇ 11 ಗ್ರಾಫ್ಟ್ ಹರಿದರೆ, ಹೊರಬದಿಯ ಬಿಗಿತ ಸೇರಿಸಿದವರಲ್ಲಿ ಶೇ 4 ಹರಿದಿದ್ದವು. ಎಲ್ಲರಿಗೂ ಬೇಕಿಲ್ಲ. ರೇಡರ್ ಆಗಿರುವ ಹದಿನೆಂಟರ ಹುಡುಗನಿಗೆ ಕೇಳಿ ನೋಡಬೇಕಾದ ಮಾತು.

ಯಾವ ಗ್ರಾಫ್ಟ್ ಒಳ್ಳೆಯದು?

ನಿಮ್ಮ ದಿನದ ಕೆಲಸ ಏನು ಎಂದು ನೋಡಿ ಆರಿಸಬೇಕಾದದ್ದು ಇದು. ಆದರೂ ಬಹಳ ಕಡೆ ಅದು ಡಾಕ್ಟರ ಕೈ ಯಾವುದಕ್ಕೆ ಪಳಗಿದೆ ಎನ್ನುವುದರ ಮೇಲೆ ತೀರ್ಮಾನವಾಗುತ್ತದೆ, ಮತ್ತು ಅದೂ ಸಣ್ಣ ಕಾರಣವಲ್ಲ.

ಮೊಣಕಾಲ ಚಿಪ್ಪಿನ ಕೆಳಗಿನ ರಜ್ಜುವನ್ನು ಎರಡೂ ತುದಿಯ ಎಲುಬಿನ ಚೂರುಗಳ ಸಮೇತ ತೆಗೆದದ್ದು ಎಲುಬಿಗೆ ಎಲುಬು ಕೂಡುವುದರಿಂದ ಬೇಗ, ಸುಮಾರು 6ರಿಂದ 8 ವಾರಕ್ಕೆ, ಹಿಡಿಯುತ್ತದೆ. ಮತ್ತೆ ಹರಿಯುವುದು ಹ್ಯಾಮ್‌ಸ್ಟ್ರಿಂಗಿಗಿಂತ ತುಸು ಕಡಿಮೆ. ಆದರೆ ಮಂಡಿಯೂರಿದಾಗ ಮುಂಭಾಗ ನೋಯುವುದು ಎಷ್ಟೋ ಜನರಿಗೆ ವರ್ಷಗಟ್ಟಲೆ ಉಳಿಯುತ್ತದೆ. ದಿನಕ್ಕೆ ಐದು ಸಲ ನಮಾಜು ಮಾಡುವವರು, ಮಂಡಿಯೂರಿ ಫರ್ಸಿ ಹಾಸುವವರು, ಕುಸ್ತಿ ಪಟುಗಳು ಇದನ್ನು ಮೊದಲೇ ಯೋಚಿಸಬೇಕು.

ಹ್ಯಾಮ್‌ಸ್ಟ್ರಿಂಗ್ ತೆಗೆದರೆ ಮಂಡಿಯೂರಲು ತೊಂದರೆ ಕಡಿಮೆ. ತೆಗೆದ ರಜ್ಜು ಬಹಳ ಜನರಲ್ಲಿ ಒಂದು ಮಟ್ಟಿಗೆ ಮತ್ತೆ ಬೆಳೆಯುತ್ತದೆ ಕೂಡ. ಆದರೂ ಹಿಮ್ಮಡಿಯನ್ನು ಕುಂಡಿಯವರೆಗೆ ಎಳೆದುಕೊಳ್ಳುವ ಬಲ ಸ್ವಲ್ಪ ಕಡಿಮೆಯೇ ಉಳಿಯುತ್ತದೆ. ಇಳಕಲ್ಲು, ಗುಳೇದಗುಡ್ಡದ ಕುಣಿ ಮಗ್ಗದಲ್ಲಿ ಕೂತು ಕಾಲಿನಿಂದ ತುಳಿಯುವ ನೇಕಾರರಿಗೆ ಇದು ಅಡ್ಡಿಯಾಗುವುದಿಲ್ಲ, ಅಲ್ಲಿನ ಕೆಲಸ ಹೆಚ್ಚಾಗಿ ಮುಂದೊಡೆಯದು. ಓಟಗಾರರಿಗೆ ಗೊತ್ತಾಗಬಹುದು.

ಮುಂದೊಡೆಯ ಕ್ವಾಡ್ರಿಸೆಪ್ಸ್ ರಜ್ಜು ಮತ್ತು ಪಾದದ ಗಿಣ್ಣಿನ ಹೊರಬದಿಯ ಪೆರೋನಿಯಸ್ ರಜ್ಜು ಇತ್ತೀಚೆಗೆ ಬಳಕೆಗೆ ಬಂದಿವೆ. ಬೇರೆಯವರ ಮೈಯಿಂದ ತೆಗೆದ ರಜ್ಜು ಹರೆಯದವರಿಗೆ ಬೇಡ, ಹರಿಯುವ ಪ್ರಮಾಣ ಹೆಚ್ಚು.

ಮತ್ತ ಕಬಡ್ಡಿ ಆಡಬಹುದೇನ್ರಿ? ಯಾವಾಗ?

ಒಂಬತ್ತು ತಿಂಗಳಿಗಿಂತ ಮೊದಲು ಬೇಡ. ಒಂಬತ್ತಾದ ಮೇಲೂ ಪರೀಕ್ಷೆ ಪಾಸಾದರೆ ಮಾತ್ರ.

ಗ್ರಾಫ್ಟ್ ಹಾಕಿದ ದಿನವೇ ಗಟ್ಟಿ ಇರುತ್ತದೆ. ಆಮೇಲೆ ಅದರ ಹಳೆಯ ಜೀವಕೋಶಗಳು ಸತ್ತು, ನೆಟ್ಟ ಕಬ್ಬಿನ ತುಂಡು ಬೇರು ಬಿಡುವವರೆಗೆ ಒಣಗಿದಂತೆ ಕಾಣುವ ಹಾಗೆ, ರಕ್ತನಾಳ ಬೆಳೆದು ಬರುವವರೆಗೆ ದುರ್ಬಲವಾಗುತ್ತ ಹೋಗುತ್ತದೆ. ಸುಮಾರು 6ನೇ ವಾರದಿಂದ 12ನೇ ವಾರದವರೆಗೆ ಅದು ಅತ್ಯಂತ ನಾಜೂಕು. ನೋವು, ಬಾವು ಹೋಗಿ ‘ಆರಾಮ ಆತು’ ಅನಿಸುವುದೂ ಅದೇ ಹೊತ್ತಿಗೆ! ಮದುವೆ ಮೆರವಣಿಗೆಯಲ್ಲಿ ಕುಣಿದು, ಬೈಕ್ ಸ್ಟ್ಯಾಂಡ್ ಹಾಕುವಾಗ ಕಾಲು ತಿರುಚಿ ಹಾಳುಮಾಡಿಕೊಳ್ಳುವುದು ಈ ಗಡುವಿನಲ್ಲೇ. ಪೂರ್ತಿ ಲಿಗಮೆಂಟಿನ ಸ್ವರೂಪ ಬರಲು ಒಂದರಿಂದ ಎರಡು ವರ್ಷ ಹಿಡಿಯುತ್ತದೆ.

ನಾರ್ವೆಯ 106 ಜನರ ಮೇಲಿನ, 2016ರಲ್ಲಿ ಪ್ರಕಟವಾದ ಅಧ್ಯಯನದ ಲೆಕ್ಕ ಹೀಗಿದೆ. ಒಂಬತ್ತು ತಿಂಗಳವರೆಗೆ ಆಟವನ್ನು ಒಂದೊಂದು ತಿಂಗಳು ಮುಂದೂಡಿದಷ್ಟೂ ಮರುಗಾಯದ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯುತ್ತಿತ್ತು. ಬಲ ಮತ್ತು ಜಿಗಿತದ ಪರೀಕ್ಷೆ ಪಾಸಾಗಿ ಆಟಕ್ಕೆ ಮರಳಿದವರಲ್ಲಿ ಮರುಗಾಯ ಶೇ 5.6, ಪಾಸಾಗದೆ ಮರಳಿದವರಲ್ಲಿ ಶೇ 38.2.

ಎಲ್ಲರೂ ಹಳೆಯ ಮಟ್ಟಕ್ಕೆ ಮರಳುತ್ತಾರಾ ಎಂದರೆ, ಇಲ್ಲ. ದೊಡ್ಡ ಸಂಗ್ರಹ ಅಧ್ಯಯನವೊಂದರ ಪ್ರಕಾರ ಶೇ 81 ಮಂದಿ ಏನಾದರೊಂದು ಆಟಕ್ಕೆ, ಶೇ 65 ಮಂದಿ ಮೊದಲಿನ ಮಟ್ಟಕ್ಕೆ, ಶೇ 55 ಮಂದಿ ಸ್ಪರ್ಧೆಗೆ ಮರಳಿದ್ದರು. ಮರಳದವರಲ್ಲಿ ಎಷ್ಟೋ ಜನರಿಗೆ ಕಾಲು ಸರಿ ಇತ್ತು, ಮತ್ತೆ ಹರಿದೀತು ಎಂಬ ಅಂಜಿಕೆ ಬಿಡಲಿಲ್ಲ. ಅದು ಪುಕ್ಕಲುತನವಲ್ಲ. ಮುಚ್ಚಿಟ್ಟುಕೊಂಡು ಮ್ಯಾಟಿಗೆ ಇಳಿಯುವುದಕ್ಕಿಂತ ಫಿಸಿಯೊಥೆರಪಿಸ್ಟ್ ಹತ್ತಿರ ಬಾಯಿಬಿಟ್ಟು ಹೇಳಬೇಕು.

ಕಬಡ್ಡಿಗೆ ಮರಳುವಾಗ ಮೊದಲ ತಿಂಗಳು ಮೈಮುಟ್ಟದ ಅಭ್ಯಾಸ, ಆಮೇಲೆ ಒಬ್ಬರ ಎದುರು ಹಿಡಿತ-ಬಿಡಿತ, ಚೈನ್ ಹಿಡಿಯುವುದು ಮತ್ತು ಪಾದ ಹಿಡಿದಾಗ ಮೈ ತಿರುಗಿಸುವುದು ಕೊನೆಗೆ. ಹೊಸ ಶೂ ಮ್ಯಾಟಿಗೆ ಅತಿಯಾಗಿ ಕಚ್ಚಿಕೊಂಡರೆ ಪಾದ ನಿಂತಲ್ಲೇ ನಿಂತು ಮೊಣಕಾಲು ತಿರುಚುತ್ತದೆ. ವಿಜಯಪುರ, ಬಾಗಲಕೋಟೆಯ ಸೈಕ್ಲಿಸ್ಟುಗಳಿಗೆ ಇದಕ್ಕಿಂತ ಸುಲಭ, ಪೆಡಲ್ ತುಳಿತದಲ್ಲಿ ಎಸಿಎಲ್ ಮೇಲೆ ಎಳೆತ ಕಡಿಮೆ. ಶೂವನ್ನು ಪೆಡಲ್ಲಿಗೆ ಸಿಕ್ಕಿಸುವ ಕ್ಲೀಟ್ ಬಿಡಿಸಲು ಹಿಮ್ಮಡಿ ತಿರುಗಿಸುವುದೊಂದನ್ನು ಮೊದಲ ತಿಂಗಳುಗಳಲ್ಲಿ ಬಿಡಬೇಕು.

ಆ ಒಂಬತ್ತು ತಿಂಗಳಲ್ಲಿ ಏನು ಮಾಡಬೇಕು?

ಮುಧೋಳ, ಇಂಡಿ, ಅಥಣಿಯಿಂದ ದಿನಾ ಫಿಸಿಯೊಥೆರಪಿಗೆ ಬರುವುದು ಆಗದ ಮಾತು. ಮನೆಯಲ್ಲೇ ಮಾಡಿದರೂ ಆಗುತ್ತದೆ, ಆದರೆ 2, 6, 12ನೇ ವಾರ ಮತ್ತು 6, 9ನೇ ತಿಂಗಳಲ್ಲಿ ತೋರಿಸಿಕೊಳ್ಳಲೇಬೇಕು.

ಮೊದಲ ಎರಡು ವಾರದ ಗುರಿ ಒಂದೇ: ಮೊಣಕಾಲು ಪೂರ್ತಿ ನೆಟ್ಟಗಾಗಬೇಕು. ಹಿಮ್ಮಡಿ ಕೆಳಗೆ ಟವೆಲ್ ಸುರುಳಿ ಇಟ್ಟು, ಮೊಣಕಾಲ ಕೆಳಗೆ ಏನೂ ಇಡದೆ, 10 ನಿಮಿಷ ಹಾಗೇ ಬಿಡಿ. ದಿನಕ್ಕೆ ಐದು ಸಲ. ಮನೆಯವರು ಪ್ರೀತಿಯಿಂದ ಮೊಣಕಾಲ ಕೆಳಗೆ ತಲೆದಿಂಬು ಇಡುತ್ತಾರೆ. ಅದನ್ನು ಆ ಕ್ಷಣವೇ ತೆಗೆಸಿ. ಮಡಚುವುದು ಕೆಲವು ಡಿಗ್ರಿ ಕಡಿಮೆಯಾದರೆ ಜೀವನ ಸಾಗುತ್ತದೆ, ನೆಟ್ಟಗಾಗುವುದು ಐದು ಡಿಗ್ರಿ ಕಡಿಮೆಯಾದರೂ ಕುಂಟು ಉಳಿಯುತ್ತದೆ, ತೊಡೆ ತುಂಬುವುದಿಲ್ಲ, ವರ್ಷಗಳ ಮೇಲೆ ಚಿಪ್ಪಿನ ನೋವು ಹಿಡಿಯುತ್ತದೆ. ಮುಂದೊಡೆ ಬಿಗಿದು 10 ಸೆಕೆಂಡ್ ಹಿಡಿಯುವುದು, ಬಟ್ಟೆ ಸುತ್ತಿದ ಐಸ್ 15-20 ನಿಮಿಷ, ಎರಡು ವಾರದ ಹೊತ್ತಿಗೆ 90 ಡಿಗ್ರಿ ಮಡಚುವುದು. ಕುಂಟದೆ ನಡೆಯಲು ಬಂದ ಮೇಲೆಯೇ ಊರುಗೋಲು ಬಿಡಬೇಕು.

ಮೆನಿಸ್ಕಸ್ ಹೊಲಿದಿದ್ದರೆ ಈ ಲೆಕ್ಕವೇ ಬೇರೆ. 4ರಿಂದ 6 ವಾರ 90 ಡಿಗ್ರಿಗಿಂತ ಹೆಚ್ಚು ಮಡಚಬಾರದು, ಭಾರ ಹಾಕುವುದೂ ಡಾಕ್ಟರು ಹೇಳಿದಷ್ಟೇ. ಪಕ್ಕದ ಮನೆಯವನು ಹತ್ತೇ ದಿನಕ್ಕೆ ನಡೆದ ಎಂದು ಹೋಲಿಸಿಕೊಳ್ಳಬೇಡಿ, ಅವನದು ಹೊಲಿದಿರಲಿಕ್ಕಿಲ್ಲ.

ಮೊಣಕಾಲು 110 ಡಿಗ್ರಿ ಮಡಚಲು ಬಂದರೆ, ಸುಮಾರು ಮೂರು-ನಾಲ್ಕನೇ ವಾರಕ್ಕೆ, ನಿಂತ ಸೈಕಲ್ ತುಳಿಯಬಹುದು. ಹ್ಯಾಮ್‌ಸ್ಟ್ರಿಂಗ್ ತೆಗೆಸಿಕೊಂಡವರು ಮೊದಲ ಆರು ವಾರ ಕಾಲು ನೆಟ್ಟಗೆ ಇಟ್ಟು ಬಗ್ಗಿ ಚಪ್ಪಲಿ ಎತ್ತಿಕೊಳ್ಳಬೇಡಿ, ಒಂದು ಹಿಮ್ಮಡಿಯಿಂದ ಇನ್ನೊಂದರ ಶೂ ಕಳಚಬೇಡಿ. ಹಿಂದೊಡೆಯಲ್ಲಿ ಚಟ್ ಎಂದು ಹರಿದಂತಾಗಿ ಕಪ್ಪಗಟ್ಟುತ್ತದೆ. ಅದು ಗ್ರಾಫ್ಟ್ ಹರಿದದ್ದಲ್ಲ, ರಜ್ಜು ತೆಗೆದ ಜಾಗದ ಎಳೆತ. ಎರಡು-ಮೂರು ವಾರದಲ್ಲಿ ಇಳಿಯುತ್ತದೆ, ಆದರೆ ಗಾಬರಿ ಸಾಕಷ್ಟು ಹುಟ್ಟಿಸುತ್ತದೆ. ಜಿಮ್ಮಿನ ಲೆಗ್ ಎಕ್ಸ್‌ಟೆನ್ಷನ್ ಮಶೀನ್ ನಾಲ್ಕನೇ ವಾರದಿಂದ 90 ಮತ್ತು 45 ಡಿಗ್ರಿಗಳ ನಡುವೆ ಮಾತ್ರ. ಹ್ಯಾಮ್‌ಸ್ಟ್ರಿಂಗ್ ಗ್ರಾಫ್ಟ್ ಇದ್ದರೆ ಹನ್ನೆರಡು ವಾರ ಅದರಲ್ಲಿ ತೂಕ ಸೇರಿಸಬಾರದು.

ನೆಟ್ಟಗಿನ ಓಟ ಮೂರು-ನಾಲ್ಕು ತಿಂಗಳಿಗೆ, ಅದೂ ಬಾವು ಇಲ್ಲದಿದ್ದರೆ. ಮಾರನೆಯ ದಿನ ಬಾವು ಬಂದರೆ ಹಿಂದಿನ ದಿನ ಹೆಚ್ಚಾಯಿತು ಎಂದರ್ಥ.

ಮನೆಯಲ್ಲೇ ಬಲ ನೋಡಿಕೊಳ್ಳಲು ಸಾಮಾನ್ಯ ಎತ್ತರದ ಕುರ್ಚಿ ಸಾಕು. ಕೈ ಕಟ್ಟಿಕೊಂಡು ಒಂದೇ ಕಾಲಿನಲ್ಲಿ ಎದ್ದು ಕೂರಿ. ಚೆನ್ನಾಗಿರುವ ಕಾಲಲ್ಲಿ 20 ಬಂದರೆ ಆಪರೇಷನ್ ಆದದ್ದರಲ್ಲಿ 18 ಆದರೂ ಬರಬೇಕು. ಆರು ತಿಂಗಳ ನಂತರ, ಫಿಸಿಯೊ ಎದುರಿಗೇ, ಒಂಟಿ ಕಾಲಿನ ಜಿಗಿತ: ಒಳ್ಳೆಯ ಕಾಲಲ್ಲಿ 150 ಸೆಂಟಿಮೀಟರ್ ಆದರೆ ಇದರಲ್ಲಿ ಕನಿಷ್ಠ 135. ಇಲ್ಲೊಂದು ಮೋಸ ಅಡಗಿದೆ. ತಿಂಗಳುಗಟ್ಟಲೆ ಕೂತದ್ದರಿಂದ ಒಳ್ಳೆಯ ಕಾಲೂ ಸೊರಗಿರುತ್ತದೆ, ಸೊರಗಿದ ಕಾಲಿಗೆ ಹೋಲಿಸಿ ಶೇ 90 ಬಂತು ಎಂದು ಹಿಗ್ಗಿದರೆ ಉಪಯೋಗವಿಲ್ಲ. ಆಪರೇಷನ್ನಿಗೆ ಮೊದಲೇ ಒಳ್ಳೆಯ ಕಾಲಿನ ಲೆಕ್ಕ ಬರೆದಿಟ್ಟುಕೊಳ್ಳಿ.

ತೊಡೆ ತುಂಬಲು ಊಟವೂ ಬೇಕು. 60 ಕೆಜಿ ತೂಕದವರಿಗೆ ದಿನಕ್ಕೆ 70ರಿಂದ 95 ಗ್ರಾಂ ಪ್ರೋಟೀನ್ ಗುರಿ ಇಟ್ಟುಕೊಳ್ಳಬಹುದು. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ, 100 ಗ್ರಾಂ ಶೇಂಗಾದಲ್ಲಿ 25 ಗ್ರಾಂ. ರೊಟ್ಟಿ ಪಲ್ಯೆಯಿಂದಲೇ ಅಷ್ಟು ಆಗುವುದಿಲ್ಲ. ಕಾಳು, ಮೊಸರು, ಮೊಟ್ಟೆ ಸೇರಬೇಕು. ಬೀಡಿ, ಸಿಗರೇಟು ಬಿಡಬೇಕು.

ಮುಂದ ಮೊಣಕಾಲು ಸವಿಯೂದು ತಪ್ಪತೈತೇನು?

ಆಪರೇಷನ್ ಮಾಡಿಸಿದ್ದರಿಂದ ಸವೆತ ತಪ್ಪುತ್ತದೆ ಎಂದು ಯಾರಾದರೂ ಖಾತ್ರಿ ಕೊಟ್ಟರೆ ನಂಬಬೇಡಿ. ಎಸಿಎಲ್ ಹರಿದ ಕ್ಷಣದಲ್ಲೇ ಎಲುಬುಗಳು ಡಿಕ್ಕಿ ಹೊಡೆದು ಮೃದ್ವಸ್ಥಿಗೆ, ಅಂದರೆ ಎಲುಬಿನ ತುದಿಯ ಮೇಲಿನ ನುಣುಪು ಪದರಕ್ಕೆ, ಪೆಟ್ಟು ಬಿದ್ದಿರುತ್ತದೆ. ಆ ಪೆಟ್ಟನ್ನು ಹೊಸ ಲಿಗಮೆಂಟ್ ಅಳಿಸಲಾರದು. ಸ್ವೀಡನ್ನಿನ ಫುಟ್‌ಬಾಲ್ ಆಟಗಾರ್ತಿಯರನ್ನು ಪೆಟ್ಟಾದ ಹನ್ನೆರಡು ವರ್ಷಕ್ಕೆ ಪರೀಕ್ಷಿಸಿದಾಗ ಎಕ್ಸ್‌ರೇ ತೆಗೆಸಿದವರಲ್ಲಿ ಶೇ 51 ಮಂದಿಗೆ ಸವೆತ ಕಂಡಿತ್ತು. ಆಗ ಅವರ ಸರಾಸರಿ ವಯಸ್ಸು 31. ಆಪರೇಷನ್ ಆದವರು, ಆಗದವರು ಎಂಬ ಭೇದ ಇರಲಿಲ್ಲ.

ನಿರ್ಣಾಯಕವಾದದ್ದು ಮೆನಿಸ್ಕಸ್. ಹತ್ತು ವರ್ಷ ಮೀರಿದ ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ನಡೆದ ಪರಿಶೀಲನೆಯೊಂದರಲ್ಲಿ, ಬರೀ ಎಸಿಎಲ್ ಹರಿದವರಲ್ಲಿ ಸವೆತ ಶೇ 0ರಿಂದ 13ರ ನಡುವೆ ಇತ್ತು. ಜೊತೆಗೆ ಮೆನಿಸ್ಕಸ್ಸಿಗೂ ಪೆಟ್ಟಾದವರಲ್ಲಿ ಶೇ 21ರಿಂದ 48. ಆದ್ದರಿಂದ ಡಾಕ್ಟರಿಗೆ ಆಪರೇಷನ್ನಿನ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆ ‘ಯಾವ ಕಂಪನಿ ಸ್ಕ್ರೂ?’ ಅಲ್ಲ, ‘ಮೆನಿಸ್ಕಸ್ ಹೊಲಿದು ಉಳಿಸುತ್ತೀರಾ?’ ಎಂಬುದು.

ಎಕ್ಸ್‌ರೇಯಲ್ಲಿ ಸವೆತ ಕಂಡವರೆಲ್ಲ ನರಳುತ್ತಾರೆ ಎಂದಲ್ಲ. ಎಷ್ಟೋ ಜನ ಏನೂ ಗೊತ್ತಾಗದೆ ಓಡಾಡಿಕೊಂಡಿರುತ್ತಾರೆ. ಕೃತಕ ಕೀಲು ಹಾಕಿಸುವ ಮಟ್ಟಕ್ಕೆ ಹೋಗುವುದು ಅಪರೂಪ: ಕೆನಡಾದ ಒಂಟಾರಿಯೊದ ದಾಖಲೆಗಳಲ್ಲಿ ಹದಿನೈದು ವರ್ಷಕ್ಕೆ ಎಸಿಎಲ್ ಆಪರೇಷನ್ ಆದವರಲ್ಲಿ ಶೇ 1.4, ಸಾಮಾನ್ಯ ಜನರಲ್ಲಿ ಶೇ 0.2. ಏಳು ಪಟ್ಟು ಎಂದರೆ ಹೆದರಿಕೆ ಬರುತ್ತದೆ, ನೂರಕ್ಕೆ ಒಂದೂವರೆಗಿಂತ ಕಡಿಮೆ ಎಂದರೆ ಸಮಾಧಾನ. ಎರಡೂ ಅದೇ ಲೆಕ್ಕವೇ.

ನಿಮ್ಮ ಕೈಯಲ್ಲಿರುವುದು ತೂಕ ಮತ್ತು ಮುಂದೊಡೆಯ ಬಲ. ಆಟ ಬಿಟ್ಟ ಮೇಲೆ ಐದಾರು ವರ್ಷದಲ್ಲಿ ಹದಿನೈದು ಕೆಜಿ ಏರಿಸಿಕೊಂಡ ಮಾಜಿ ಪಟುವಿನ ಮೊಣಕಾಲು ಮೊದಲು ದೂರು ಹೇಳುತ್ತದೆ. ವಾರಕ್ಕೆ ಎರಡು-ಮೂರು ದಿನ ತೊಡೆಯ ವ್ಯಾಯಾಮವನ್ನು ನಲವತ್ತು, ಐವತ್ತು ದಾಟಿದರೂ ಬಿಡುವಂತಿಲ್ಲ.

ಚಕ್ಕಳಮಕ್ಕಳ ಹಾಕಿ ಕೂಡಾಕ, ಕೆಳಗ ಕುಂತು ಸಂಡಾಸ ಮಾಡಾಕ ಬರತೈತಾ?

ಬಹುತೇಕ ಜನರಿಗೆ ನಾಲ್ಕರಿಂದ ಆರು ತಿಂಗಳ ನಡುವೆ ಬರುತ್ತದೆ. ಅಲ್ಲಿಯವರೆಗೆ ಕಮೋಡ್ ಅಥವಾ ಬಾಡಿಗೆಗೆ ಸಿಗುವ ಕಮೋಡ್ ಕುರ್ಚಿ. ಮೆನಿಸ್ಕಸ್ ಹೊಲಿದವರು ಭಾರ ಹೇರಿ ಪೂರ್ತಿ ಮಡಚುವುದನ್ನು, ಅಂದರೆ ಕುಕ್ಕರಗಾಲು, ಗರಡಿಯ ಬಸ್ಕಿ, ತೊಗರಿ ಕೊಯ್ಲಿನ ಕೂರುವಿಕೆಯನ್ನು, ನಾಲ್ಕರಿಂದ ಆರು ತಿಂಗಳು ಬಿಡಬೇಕು. ಮೊದಲು ಗಾದಿಯ ಮೇಲೆ, ಗೋಡೆಗೆ ಆನಿಸಿ, ಎರಡು ನಿಮಿಷ ಕೂತು ಅಭ್ಯಾಸ ಮಾಡಿ. ಎಳೆತ ಅನಿಸಿದರೆ ಪರವಾಗಿಲ್ಲ, ಕೀಲಿನ ಸಂದಿನಲ್ಲಿ ಚುಚ್ಚಿದರೆ ನಿಲ್ಲಿಸಿ. ದಿನವಿಡೀ ಕುಕ್ಕರಗಾಲಿನ ಕೆಲಸವನ್ನು ಮೆನಿಸ್ಕಸ್ ಕತ್ತರಿಸಿ ತೆಗೆಸಿಕೊಂಡವರು ಕಾಯಂ ಆಗಿ ಕಡಿಮೆ ಮಾಡಿದರೆ ಒಳ್ಳೆಯದು. ಕಳೆ ತೆಗೆಯಲು ಸಣ್ಣ ಮಣೆ ಇಟ್ಟುಕೊಂಡರೂ ವ್ಯತ್ಯಾಸ ಗೊತ್ತಾಗುತ್ತದೆ.

ಯುಗಾದಿಗೆ ಶ್ರೀಶೈಲಕ್ಕ ನಡಕೊಂಡ ಹೋಗಬಹುದೇನ್ರಿ?

ಆಪರೇಷನ್ ಆದ ಮೊದಲ ವರ್ಷ ಬೇಡ. ಸಮತಟ್ಟು ನಡಿಗೆ ಗ್ರಾಫ್ಟಿಗೆ ಅಪಾಯವಲ್ಲ, ಆದರೆ ದಣಿದ ತೊಡೆ, ರಾತ್ರಿ ನಡಿಗೆ, ಅರಣ್ಯದ ಇಳಿಜಾರು, ಕೊನೆಯ ದಿನಗಳಲ್ಲಿ ಬೊಬ್ಬೆ ಎದ್ದ ಪಾದ ಇವೆಲ್ಲ ಕೂಡಿದರೆ ಎಡವುವ ಸಂಭವ ಹೆಚ್ಚು. ವರ್ಷ ಕಳೆದ ಮೇಲೆ, ಎರಡು ತಿಂಗಳು ಮೊದಲಿನಿಂದ ನಡಿಗೆ ಏರಿಸುತ್ತ ಬಂದು, ಎರಡು ದಿನ ಬೆನ್ನುಬೆನ್ನಿಗೆ 20 ಕಿಲೋಮೀಟರ್ ನಡೆದು ಮೂರನೇ ಬೆಳಿಗ್ಗೆ ಬಾವು ಬರದಿದ್ದರೆ ಹೊರಡಬಹುದು. ಮರಗಾಲು ಕಟ್ಟಿಕೊಂಡು ಮಾತ್ರ ಖಂಡಿತ ಬೇಡ.

ಗೋಳಗುಮ್ಮಟದ ಮೆಟ್ಟಿಲು, ಬಾದಾಮಿಯ ಗುಡ್ಡ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು ಕೆಳಗೆ, ಹತ್ತುವಾಗ ಒಳ್ಳೆಯ ಕಾಲು ಮೊದಲು ಮೇಲೆ.

ಗಾಡಿ, ಟ್ರ್ಯಾಕ್ಟರ್ ಯಾವಾಗ ಹೊಡಿಬಹುದು?

ಬಲಗಾಲಿಗೆ ಆಗಿದ್ದರೆ ಕಾರು ಸುಮಾರು 4ರಿಂದ 6 ವಾರದ ಮೇಲೆ, ಗಕ್ಕನೆ ಬ್ರೇಕ್ ಒತ್ತಲು ಬಂದರೆ ಮಾತ್ರ. ಬೈಕು ತಡವಾಗಲಿ, ಮೂರು ತಿಂಗಳು ಬಿಟ್ಟರೆ ಒಳ್ಳೆಯದು, ಏಕೆಂದರೆ ಬೀಳುವಾಗ ನೀವು ಊರುವುದು ಅದೇ ಕಾಲನ್ನೇ. ಟ್ರ್ಯಾಕ್ಟರಿಗೆ ಎಡಗಾಲಿನ ಕ್ಲಚ್ಚಿಗಿಂತ ಹತ್ತಿ ಇಳಿಯುವುದೇ ಹೆಚ್ಚು ತ್ರಾಸು. ಜಿಗಿಯದೆ, ಹಿಂದುಮುಂದಾಗಿ ಹಿಡಿದುಕೊಂಡು ಇಳಿಯಿರಿ.

ವರ್ಷಗಳ ಮೇಲೂ ಮೊಣಕಾಲ ಕೆಳಗೆ ಜೋಮು, ಚಳಿಗೆ ನೋವು, ಕಟಕಟ ಸದ್ದು. ಏನಾದರೂ ತಪ್ಪಾಗಿದೆಯೇ?

ಜೋಮು ಚರ್ಮದ ಸಣ್ಣ ನರದ್ದು, ಗಾಯ ಕೊಯ್ಯುವಾಗ ತುಂಡಾಗಿರುತ್ತದೆ. ಕಾಲಕ್ರಮೇಣ ಅದರ ಅಗಲ ಕಿರಿದಾಗುತ್ತದೆ, ಕೆಲವರಿಗೆ ಅಂಗೈಯಷ್ಟು ಜಾಗ ಕಾಯಂ ಉಳಿಯುತ್ತದೆ. ನೋವಿಲ್ಲದ ಸದ್ದಿಗೆ ಚಿಕಿತ್ಸೆ ಬೇಕಿಲ್ಲ. ಬಟನ್, ಸ್ಕ್ರೂ ತೆಗೆಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಟೈಟೇನಿಯಂ ಇದ್ದರೂ ಮುಂದೆ ಎಂ.ಆರ್.ಐ. ಮಾಡಿಸಬಹುದು.

ತೋರಿಸಬೇಕಾದವು ಬೇರೆ. ಮೊದಲ ವಾರಗಳಲ್ಲಿ ಜ್ವರ, ಕೆಂಪಗೆ ಬಿಸಿಯಾದ ಬಾವು, ಗಾಯದಿಂದ ಸೋರಿಕೆ ಇದ್ದರೆ ಅದೇ ದಿನ. ಕೀಲಿನ ಸೋಂಕು ನೂರಕ್ಕೆ ಒಬ್ಬರಿಗಿಂತ ಕಡಿಮೆ ಜನರಿಗೆ ಬರುತ್ತದೆ, ಬಂದರೆ ತೊಳೆಯುವುದು ತಡವಾದಷ್ಟೂ ಮೃದ್ವಸ್ಥಿ ಕರಗುತ್ತದೆ. ಮೀನಖಂಡ ಊದಿ ಹಿಸುಕಿದರೆ ನೋವು ಬಂದರೆ, ಎದೆ ಹಿಡಿದರೆ ರಕ್ತ ಹೆಪ್ಪುಗಟ್ಟಿರಬಹುದು, ಅದೂ ತುರ್ತು. ಮೂರು-ನಾಲ್ಕು ತಿಂಗಳಿಗೆ ಕೊನೆಯ ಕೆಲವು ಡಿಗ್ರಿ ನೆಟ್ಟಗಾಗದೆ ಮುಂದುಗಡೆ ಏನೋ ಅಡ್ಡ ಸಿಕ್ಕಂತಾದರೆ ಗ್ರಾಫ್ಟ್ ಮುಂದೆ ಗಂಟಿನಂತೆ ಮಾಂಸ ಬೆಳೆದಿರಬಹುದು; ದುರ್ಬೀನಿನಲ್ಲಿ ಅದನ್ನು ತೆಗೆದರೆ ಸರಿಹೋಗುತ್ತದೆ. ವರ್ಷಗಳ ಮೇಲೆ ಕಾಲು ಮತ್ತೆ ಜಾರತೊಡಗಿದರೆ ಗ್ರಾಫ್ಟ್ ಸಡಿಲಾಗಿದೆಯೇ ಎಂದು ಪರೀಕ್ಷಿಸಬೇಕು.

ಮಗಳು ಆಡತಾಳ್ರಿ. ಹುಡುಗ್ಯಾರಿಗೆ ಇದು ಹೆಚ್ಚಂತ?

ಹೌದು, ಒಂದೇ ಆಟದಲ್ಲಿ ಹುಡುಗಿಯರಿಗೆ ಎಸಿಎಲ್ ಹರಿಯುವುದು ಹುಡುಗರಿಗಿಂತ ಎರಡು-ಮೂರು ಪಟ್ಟು ಹೆಚ್ಚು. ಜಿಗಿದು ಇಳಿಯುವಾಗ ಮೊಣಕಾಲು ಒಳಕ್ಕೆ ಬಾಗದಂತೆ, ಮೃದುವಾಗಿ, ಎರಡೂ ಪಾದ ಊರಿ ಇಳಿಯುವುದನ್ನು ಕಲಿಸುವ 15-20 ನಿಮಿಷದ ವಾರ್ಮ್‌ಅಪ್ಪನ್ನು ವಾರಕ್ಕೆ ಎರಡು-ಮೂರು ಸಲ ಮಾಡಿಸಿದ ತಂಡಗಳಲ್ಲಿ ಈ ಗಾಯ ಸುಮಾರು ಅರ್ಧಕ್ಕೆ ಇಳಿದಿದೆ. ಶಾಲೆಯ ದೈಹಿಕ ಶಿಕ್ಷಕರು ಖೊ-ಖೊ, ಕಬಡ್ಡಿ ಎರಡಕ್ಕೂ ಇದನ್ನು ಸೇರಿಸಬಹುದು, ಖರ್ಚೇನಿಲ್ಲ. ಇನ್ನೂ ಬೆಳೆಯುತ್ತಿರುವ ಮಕ್ಕಳಿಗೆ ಆಪರೇಷನ್ ಬೇಕಾದರೆ ಎಲುಬು ಬೆಳೆಯುವ ಜಾಗಕ್ಕೆ ಪೆಟ್ಟಾಗದಂತೆ ಕೊರೆಯುವ ಬೇರೆ ವಿಧಾನವಿದೆ. ಅದರಲ್ಲಿ ಅನುಭವ ಇರುವವರ ಹತ್ತಿರವೇ ಹೋಗಬೇಕು.

ಮಿಲ್ಟ್ರಿ, ಪೊಲೀಸ್ ಭರ್ತಿಗೆ ತೊಂದ್ರಿ ಆಗತೈತಾ?

ಆಗಬಹುದು. ಬೆಳಗಾವಿಯಲ್ಲಿ ಭರ್ತಿ ರ‍್ಯಾಲಿಗೆ ತಯಾರಾಗುವ ಹುಡುಗರು ಆ ವರ್ಷದ ಅಧಿಸೂಚನೆಯ ವೈದ್ಯಕೀಯ ನಿಯಮ ಓದಿಕೊಂಡೇ ತೀರ್ಮಾನಿಸಲಿ. ಮುಚ್ಚಿಡುವ ಯೋಚನೆ ಬೇಡ: ಗಾಯದ ಗುರುತು ಕಣ್ಣಿಗೆ, ಬಟನ್ ಎಕ್ಸ್‌ರೇಗೆ ಕಾಣುತ್ತದೆ.

ಖರ್ಚು, ಕಾರ್ಡು, ಕಾಗದಪತ್ರ?

ಮೂರೂ ಜಿಲ್ಲಾ ಕೇಂದ್ರಗಳಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ, ಬೆಳಗಾವಿಯ ಬಿಮ್ಸ್ ಸರಕಾರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಂತೆ 1.5 ಲಕ್ಷದವರೆಗೆ ನೆರವು ಇದೆ. ನಿಮ್ಮ ಆಪರೇಷನ್ ಯಾವ ಪ್ಯಾಕೇಜಿನಲ್ಲಿ ಬರುತ್ತದೆ, ರೆಫರಲ್ ಬೇಕೇ, ಇಂಪ್ಲಾಂಟ್ (ಬಟನ್, ಸ್ಕ್ರೂ) ಸೇರಿದೆಯೇ ಎಂಬ ಮೂರನ್ನೂ ದಾಖಲಾಗುವ ಮುಂಚೆ ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರಲ್ಲಿ ಕೇಳಿ. ಫಿಸಿಯೊಥೆರಪಿಯ ಓಡಾಟದ ಖರ್ಚನ್ನು ಬೇರೆ ಎತ್ತಿಡಿ, ಹಣ ಮುಗಿದದ್ದಕ್ಕೇ ಮೂರನೇ ತಿಂಗಳಿಗೆ ವ್ಯಾಯಾಮ ನಿಲ್ಲಿಸುವವರು ಬಹಳ.

ಡಿಸ್ಚಾರ್ಜ್ ಸಮ್ಮರಿ ಒಂದೇ ಸಾಲದು. ಆಪರೇಷನ್ ನೋಟ್ಸ್ ಕೇಳಿ ತೆಗೆದುಕೊಳ್ಳಿ. ಗ್ರಾಫ್ಟ್ ಯಾವುದು, ದಪ್ಪ ಎಷ್ಟು ಮಿಲಿಮೀಟರ್, ಮೆನಿಸ್ಕಸ್ ಹೊಲಿದರೋ ಕತ್ತರಿಸಿದರೋ, ಮೃದ್ವಸ್ಥಿ ಹೇಗಿತ್ತು, ಇಂಪ್ಲಾಂಟಿನ ಸ್ಟಿಕರ್, ಇಷ್ಟೂ ಅದರಲ್ಲಿರಬೇಕು. ದುರ್ಬೀನಿನ ವಿಡಿಯೊ ಕೊಟ್ಟರೆ ಅದನ್ನೂ ಇಟ್ಟುಕೊಳ್ಳಿ. ಹತ್ತು ವರ್ಷದ ಮೇಲೆ ಗ್ರಾಫ್ಟ್ ಹರಿದು ಎರಡನೇ ಸಲ ಹಾಕಬೇಕಾದರೆ, ಹಳೆಯ ರಂಧ್ರ ಎಲ್ಲಿದೆ, ಯಾವ ರಜ್ಜು ಉಳಿದಿದೆ, ಯಾವ ಸ್ಕ್ರೂ ಬಿಚ್ಚಲು ಯಾವ ಡ್ರೈವರ್ ಬೇಕು ಎಂದು ಹೊಸ ಡಾಕ್ಟರಿಗೆ ಗೊತ್ತಾಗುವುದು ಆ ಕಾಗದದಿಂದಲೇ. ರಂಧ್ರ ಅಗಲವಾಗಿದ್ದರೆ ಮೊದಲು ಎಲುಬು ತುಂಬಿ, ತಿಂಗಳುಗಳು ಬಿಟ್ಟು ಎರಡು ಹಂತದಲ್ಲಿ ಮಾಡಬೇಕಾಗಬಹುದು. ಎರಡನೇ ಸಲದ ಫಲಿತಾಂಶ ಮೊದಲನೆಯದರಷ್ಟು ಚೆನ್ನಾಗಿರುವುದಿಲ್ಲ, ಹಳೆಯ ಆಟದ ಮಟ್ಟಕ್ಕೆ ಮರಳುವವರೂ ಕಡಿಮೆ.